ಟ್ವೀಡ್ ದೊರೆಗಳು

ಲಂಡನ್ನಿನ ಹೊರವಲಯದಲ್ಲಿ ಬೀದಿಗೊಬ್ಬರಾದರೂ ಟ್ವೀಡ್ ದೊರೆಗಳು ಸಿಗುತ್ತಾರೆ. ವಯಸ್ಸು ಅರವತ್ತರ ಆಚೀಚೆ, ಕೆಲಸ ಲೆಕ್ಕಪತ್ರದ್ದು. ಉಡುಪು ಮಾತ್ರ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಸಾವಿರಾರು ಎಕರೆ ಇಟ್ಟುಕೊಂಡ ಜಮೀನ್ದಾರರದ್ದು. ದೊರೆಗಳಿಗಿರುವ ಭೂಮಿಯೋ, ಮನೆ ಹಿಂದೆ ನಾಲ್ಕು ಗುಲಾಬಿ ಗಿಡ ಹಾಕುವಷ್ಟು.

ನಮ್ಮ ರೈತರು ಮಳೆ ನಕ್ಷತ್ರ ನೋಡಿ ಬಿತ್ತುವ ಹಾಗೆ ಇವರು ತಾರೀಖು ನೋಡಿ ಉಡುತ್ತಾರೆ. ಸೆಪ್ಟೆಂಬರ್ 1 ಬಂತೆಂದರೆ ಲಿನನ್ ಒಳಕ್ಕೆ, ಟ್ವೀಡ್ ಹೊರಕ್ಕೆ. ಅಕ್ಟೋಬರಿಗೆ ಕಾರ್ಡುರಾಯ್ ಪ್ಯಾಂಟು, ನವೆಂಬರಿಗೆ ಫ್ಲಾನೆಲ್ಲು. ಹವೆಗೆ ಈ ಪಂಚಾಂಗ ಯಾರೂ ಓದಿ ಹೇಳಿಲ್ಲ. ಹೊರಗೆ 28 ಡಿಗ್ರಿ. ನೆಲದಡಿಯ ಸೆಂಟ್ರಲ್ ಲೈನ್ ರೈಲಿಗೆ ಎ.ಸಿ. ಇಲ್ಲ, ಮೈಮೇಲಿನ ಕೋಟಿನ ಬಟ್ಟೆ ಗಜಕ್ಕೆ 16 ಔನ್ಸ್, ಅಂದರೆ 450 ಗ್ರಾಂ. ಬೆವರು ಮೂಗಿನ ತುದಿಗೆ ಬಂದು ತೂಗುತ್ತಿರುತ್ತದೆ. ಪಾಪ, ಯಾರೋ ಹುಡುಗಿ ಎದ್ದು ಸೀಟು ಬಿಟ್ಟುಕೊಡುತ್ತಾಳೆ.

"ಹುಷಾರಿಲ್ವಾ ಸರ್?"

"ಹಾಗೇನಿಲ್ಲಮ್ಮ. ಶರತ್ಕಾಲ ಬಂತಲ್ಲ!"

ಆ ಕೋಟಿನ ಬಣ್ಣವನ್ನು ನೋಡಬೇಕು. ಪಾಚಿ ಹಸಿರು, ಒಣ ಜರಿಗಿಡದ ಕಂದು, ನಡುವೆ ಹೀದರ್ ಹೂವಿನ ನೇರಳೆ ಎಳೆ. ಹತ್ತೊಂಬತ್ತನೇ ಶತಮಾನದ ಸ್ಕಾಟಿಷ್ ಜಮೀನ್ದಾರರು ಇಂಥ ಬಟ್ಟೆ ನೇಯಿಸಿದ್ದೇ ಬೇಟೆಗೆ ಹೋದ ಆಳುಗಳು ಗುಡ್ಡದ ಬಣ್ಣದಲ್ಲಿ ಕರಗಿ ಹೋಗಲಿ, ಜಿಂಕೆಯ ಕಣ್ಣಿಗೆ ಬೀಳದಿರಲಿ ಎಂದು. ಟೀ ಶರ್ಟುಗಳೇ ತುಂಬಿದ ರೈಲು ಡಬ್ಬಿಯಲ್ಲಿ ದೊರೆಗಳು ಈ ಕಡೆ ಬಾಗಿಲಿಂದ ಆ ಕಡೆ ಬಾಗಿಲವರೆಗೂ ಕಾಣುತ್ತಾರೆ.

"ಕೋಟು ಚೆನ್ನಾಗಿದೆ" ಎಂದಿರೋ, ಸಿಕ್ಕಿಬಿದ್ದಿರಿ. ಎದೆಯ ಭಾಗ ತೆರೆದು ಒಳಗಿನ ಚೀಟಿ ತೋರಿಸುತ್ತಾರೆ: ಗೋಲದ ಮೇಲೊಂದು ಶಿಲುಬೆ. "ಹ್ಯಾರಿಸ್ ಟ್ವೀಡ್. ಹೊರ ಹೆಬ್ರಿಡೀಸ್ ದ್ವೀಪಗಳಲ್ಲೇ ಉಣ್ಣೆಗೆ ಬಣ್ಣ ಹಾಕಿ, ಅಲ್ಲೇ ನೂತು, ಅಲ್ಲಿನವರೇ ತಮ್ಮ ಮನೆಯಲ್ಲಿ ಕೈಮಗ್ಗದಲ್ಲಿ ನೇಯಬೇಕು. 1993ರ ಪಾರ್ಲಿಮೆಂಟ್ ಕಾಯಿದೆ!" ಅಲ್ಲಿಂದ ಶೆಟ್ಲೆಂಡ್ ಸ್ವೆಟರಿಗೆ ಜಿಗಿತ, 1920ರ ದಶಕದಲ್ಲಿ ವೇಲ್ಸಿನ ರಾಜಕುಮಾರ ಫೇರ್ ಐಲ್ ಹೆಣಿಗೆ ತೊಟ್ಟು ಗಾಲ್ಫ್ ಆಡಿದ ಕಥೆ. ನೀವು ಇಳಿಯುವ ಸ್ಟೇಷನ್ ಅಷ್ಟರಲ್ಲಿ ಹಿಂದೆ ಸರಿದಿರುತ್ತದೆ.

ಮಾತಾಡುತ್ತಲೇ ತೋಳಿನ ತುದಿಯನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಎತ್ತುತ್ತಾರೆ. ಅಲ್ಲಿ ಕೊನೆಯ ಗುಂಡಿ ಬಿಚ್ಚಿದೆ. ಮರೆತದ್ದಲ್ಲ. ಅಂಗಡಿಯ ಅಗ್ಗದ ಕೋಟಿನಲ್ಲಿ ಆ ಗುಂಡಿಗಳು ಬರೀ ಶೋಕಿಗೆ ಹೊಲಿದವು. ತಮ್ಮದಕ್ಕೆ ನಿಜವಾದ ಕಾಜಾ ಇದೆ ಎಂದು ಲೋಕಕ್ಕೆ ತಿಳಿಯಬೇಕಲ್ಲ! ಲೋಕ ಗಮನಿಸದಿದ್ದರೆ ಇನ್ನೊಂದು ಗುಂಡಿಯನ್ನೂ ಬಿಚ್ಚುತ್ತಾರೆ.

ಖರ್ಚಿನ ಮಾತೆತ್ತಿದರೆ ಉತ್ತರ ಸಿದ್ಧ: "ಒಳ್ಳೇದು ಒಂದು ಕೊಂಡ್ರೆ 30 ವರ್ಷ ಬಾಳುತ್ತೆ." ಸುಳ್ಳಲ್ಲ. ಹೊಟ್ಟೆ ಬೆಳೆದರೆ ಬಿಚ್ಚಿಕೊಳ್ಳಲಿ ಎಂದು ದರ್ಜಿ ಹೊಲಿಗೆಯೊಳಗೆ ಬಟ್ಟೆಯನ್ನೂ ಮಡಿಸಿ ಇಟ್ಟಿರುತ್ತಾನೆ. ಆದರೆ ಬೀರುವಿನಲ್ಲಿ ಅಂಥವು 9 ಇವೆ.

"ಒಂಬತ್ತು ಮೂವತ್ತಲಿ 270 ವರ್ಷ" ಎನ್ನುತ್ತಾರೆ ಮಡದಿ.

"ಅದಕ್ಕೇ ದಿನಾ ವಾಕಿಂಗ್ ಹೋಗ್ತಿರೋದು."

ಆ ವಾಕಿಂಗಿಗೆ ಮೇಣ ಹಚ್ಚಿದ ಬಾರ್ಬರ್ ಜಾಕೆಟ್ ಬೇಕು. ವರ್ಷಕ್ಕೊಮ್ಮೆ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಕರಗಿದ ಮೇಣವನ್ನು ಹೊಲಿಗೆ ಹೊಲಿಗೆಗೂ ಉಜ್ಜಿ, ಮಡದಿಯ ಹೇರ್ ಡ್ರೈಯರ್ ಹಿಡಿದು ಒಳಕ್ಕೆ ಇಳಿಸುತ್ತಾರೆ. ಮೇಣ ಜಾಕೆಟ್ಟಿಗೆ ಎಷ್ಟು ಇಳಿಯಿತೋ, ಅಂದಿನ ಬ್ರೆಡ್ಡಿಗಂತೂ ಇಳಿದಿರುತ್ತದೆ.

ಇಂಥ ದೊರೆಗಳು ಹೆದರುವುದು ಒಂದಕ್ಕೇ: ನುಸಿ. ಅದರ ಮರಿಹುಳು ಉಣ್ಣೆಯನ್ನೇ ತಿಂದು ಬೆಳೆಯುವುದು. ಅದಕ್ಕೆಂದೇ ಸ್ವೆಟರುಗಳು ಚೀಲದೊಳಗೆ ಕೂತು ಫ್ರೀಜರಿನಲ್ಲಿ ಬಟಾಣಿಯ ಪಕ್ಕ ತಪಸ್ಸು ಮಾಡುತ್ತವೆ. ಆದರೂ ಒಂದು ದಿನ ಅಚ್ಚುಮೆಚ್ಚಿನ ಸ್ವೆಟರಿನ ಮೊಣಕೈಯಲ್ಲಿ ತೂತು ಬಿದ್ದೇ ಬೀಳುತ್ತದೆ. ಅಂದು ಮನೆಯಲ್ಲಿ ಸೂತಕ. ಮರುದಿನ ಬೆಳಿಗ್ಗೆ ಅದೇ ಸ್ವೆಟರ್ ತೊಟ್ಟು, ಅಕ್ಕಪಕ್ಕದವರಿಗೆಲ್ಲ ಮೊಣಕೈ ತೋರಿಸುತ್ತ ಹೊರಟಿರುತ್ತಾರೆ:

"ನೋಡಿ, ಅಪ್ಪಟ ಉಣ್ಣೆ! ಪಾಲಿಯೆಸ್ಟರ್ ಆಗಿದ್ರೆ ಹುಳ ಮೂಸಿಯೂ ನೋಡ್ತಿರ್ಲಿಲ್ಲ."