ಐದನೇ ಬಣ್ಣದ ಗೋಡೆ

ಆಸಾಡಿ ತಿಂಗಳಲ್ಲಿ ನಮ್ಮ ಕಡೆ ಯಾರೂ ಗೋಡೆಗೆ ಬಣ್ಣ ಹೊಡೆಯುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು; ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಆಗಸ್ಟ್ ಒಳಗೇ ಸುರಿದು ಮುಗಿಯುತ್ತದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುವ ಆ ಕಾಲದಲ್ಲಿ ಮುರಕಲ್ಲಿನ ಕಂಪೌಂಡಿಗೆ ಬಣ್ಣ ಬಳಿಯುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಊರಿನ ಪೇಂಟರನ್ನು ಕರೆದರೆ "ದೀಪಾವಳಿ ಕಳೀಲಿ ಮರಾಯ್ರೆ" ಎಂದು ಕುಂಚ ಕೆಳಗಿಡುತ್ತಾನೆ.

ಇಂಥ ಸಣ್ಣಪುಟ್ಟ ಲೋಕಜ್ಞಾನವನ್ನು ಮೀರಿ ನಿಂತವರು ನಮ್ಮ ವಿದೇಶಿ ಸ್ವಯಂಸೇವಕರು. ಯುರೋಪಿನ ಶಾಲೆ ಕಾಲೇಜುಗಳಿಗೆ ರಜೆ ಸಿಗುವುದೇ ಜುಲೈಯಲ್ಲಿ. ಆದ್ದರಿಂದ ಕರಾವಳಿಯ ಅನಾಥ ಮಕ್ಕಳಿಗೆ ಪ್ರೀತಿಯ ಅಗತ್ಯ ಬೀಳುವುದೂ ಜುಲೈಯಲ್ಲೇ. ಈ ಹೊಂದಾಣಿಕೆ ದೈವಸಂಕಲ್ಪವಲ್ಲದೆ ಇನ್ನೇನು?

ನಾನು ಹೇಳುತ್ತಿರುವ ಮಕ್ಕಳ ಮನೆ ರಾಷ್ಟ್ರೀಯ ಹೆದ್ದಾರಿ 66ರಿಂದ ಪೂರ್ವಕ್ಕೆ ತಿರುಗಿ, ಎರಡು ಬೈಲು, ಒಂದು ಹಾಡಿ ದಾಟಿದರೆ ಸಿಗುತ್ತದೆ. ಪಕ್ಕದಲ್ಲೇ ಅದರ ಶಾಲೆ. ಯಾವ ಊರಿನದು ಎಂದು ಕೇಳಬೇಡಿ. ಕುಂದಾಪುರದವರು ಬೈಂದೂರಿನದು ಎನ್ನಲಿ, ಬೈಂದೂರಿನವರು ಬ್ರಹ್ಮಾವರದ್ದು ಎನ್ನಲಿ. ಲೇಖನದ ಅನುಕೂಲಕ್ಕೆ ನಾನೇ ಕಟ್ಟಿದ ಮನೆ ಅದು. ಗೋಡೆಯ ಬಣ್ಣ ಮಾತ್ರ ನಿಜ.

ಮೊದಲ ವರ್ಷ ಬಂದವರು ಆ ಗೋಡೆಯ ಮೇಲೆ ಜಿರಾಫೆ ಬರೆದರು. ಸೆಪ್ಟೆಂಬರ್ ಹೊತ್ತಿಗೆ ಜಿರಾಫೆಯ ಕಾಲಿಗೆ ಪಾಚಿ ಏರಿ ಅದು ಹಸಿರು ಪಂಚೆ ಉಟ್ಟಂತೆ ಕಾಣುತ್ತಿತ್ತು. ಎರಡನೇ ವರ್ಷದವರು ಅದರ ಮೇಲೆ ಕಾಮನಬಿಲ್ಲು ಹಾಕಿದರು. ಮೂರನೇ ವರ್ಷ ಭೂಪಟ ಬಂತು. ಮಳೆಗೆ ಬಣ್ಣ ಇಳಿದು ಭಾರತವೂ ಆಫ್ರಿಕವೂ ಒಂದಾದವು. ವಿಶ್ವಭ್ರಾತೃತ್ವಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಾಲ್ಕನೇ ವರ್ಷ ಮಕ್ಕಳ ಅಂಗೈ ಗುರುತು. ಐದನೇ ವರ್ಷ ಚಿಟ್ಟೆ. ಈಗ ಆ ಗೋಡೆ ನಿಂತಿರುವುದು ಕಲ್ಲಿನ ಬಲದಿಂದಲೋ ಬಣ್ಣದ ಬಲದಿಂದಲೋ ಎಂದು ಹೇಳುವುದು ಮೇಸ್ತ್ರಿಗೂ ಕಷ್ಟ. ಪಾಯಿಖಾನೆಯ ಮಾಡು ಸೋರುತ್ತದೆ, ನಿಜ. ಆದರೆ ಮಾಡಿನ ಮೇಲೆ ಚಿಟ್ಟೆ ಬರೆದರೆ ಯಾರಿಗೆ ಕಾಣಬೇಕು?

ವಿದ್ಯಾದಾನದ ಮಾತು ಬಂದರೆ ಕೈ ಮುಗಿಯಬೇಕು. ಪ್ರತಿ ತಂಡವೂ ಇಂಗ್ಲಿಷನ್ನು ಮೊದಲಿನಿಂದ, ಎ ಫಾರ್ ಆಪಲ್‌ನಿಂದ, ಕಲಿಸುತ್ತದೆ. ಎರಡು ವಾರದಲ್ಲಿ ಎಂ ಅಥವಾ ಎನ್ ಮುಟ್ಟುವಷ್ಟರಲ್ಲಿ ವಿಮಾನದ ದಿನ ಬರುತ್ತದೆ. ಮುಂದಿನ ತಂಡ ಮತ್ತೆ ಆಪಲ್ ಹಿಡಿದುಕೊಂಡು ಇಳಿಯುತ್ತದೆ. ಐದನೇ ಕ್ಲಾಸಿನ ಒಬ್ಬ ಹುಡುಗಿ ಹೀಗೆ ಐದು ಸಲ ಆಪಲ್ ಕಲಿತಿದ್ದಾಳೆ. ಆರನೇ ಸಲವೂ ಕಣ್ಣರಳಿಸಿ, ಇದೇ ಮೊದಲ ಬಾರಿಗೆ ಕೇಳಿದವಳಂತೆ, "ಆಪಲ್!" ಎಂದು ಕೂಗುತ್ತಾಳೆ. ಎದುರಿಗೆ ನಿಂತ ಹತ್ತೊಂಬತ್ತರ ಮೇಡಂ ಮುಖದಲ್ಲಿ ಬೆಳಕು ಹರಿಯುತ್ತದೆ. ಕಲಿಸುವವರ ಮನಸ್ಸು ನೋಯದಂತೆ ಕಲಿಯುವ ಈ ವಿದ್ಯೆಯನ್ನು ಯಾವ ಬಿ.ಎಡ್. ಕಾಲೇಜೂ ಹೇಳಿಕೊಡದು.

ಅದೇ ಹುಡುಗಿ ಒಂದು ಸಂಜೆ ಜಗಲಿಯಲ್ಲಿ ಆ ಮೇಡಂ ಪಕ್ಕ ಕೂತು, ಹೊಂಬಣ್ಣದ ಕೂದಲಿಗೆ ಜಡೆ ಹೆಣೆಯುತ್ತ ಕೇಳಿದಳು:

"ಅಕ್ಕಾ, ನಿಮ್ಗೆ ಅಮ್ಮ ಇಲ್ಯಾ?"

ಇಷ್ಟು ಚಿಕ್ಕ ವಯಸ್ಸಿನಲ್ಲಿ ಮನೆ ಬಿಟ್ಟು, ಸಮುದ್ರ ದಾಟಿ, ಗುರುತಿಲ್ಲದವರ ಜಗಲಿಯಲ್ಲಿ ಮಲಗುವವಳಿಗೆ ಹೇಳಿಕೊಳ್ಳಲು ಯಾರೂ ಇಲ್ಲವೇನೋ ಎಂದು ಆ ಮಗುವಿಗೆ ಮರುಕ. ಮೇಡಂಗೆ ಬರುತ್ತಿದ್ದ ಕನ್ನಡ ಎರಡೇ ಪದ. ಅದರಲ್ಲಿ ಒಂದನ್ನು ಆರಿಸಿ, ನಕ್ಕು, "ಚೆನ್ನಾಗಿದೆ" ಎಂದಳು.

ಎರಡು ಪದ ಸಾಕೇ ಎಂದು ಕೊಂಕು ತೆಗೆಯುವವರಿದ್ದಾರೆ. ಅವರು ಹಳೆಯ ಕಾಲದ ಉದಾಹರಣೆ ಕೊಡುತ್ತಾರೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಇಳಿದರು. ಅವರಲ್ಲೊಬ್ಬ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ. 1853ರಲ್ಲಿ ಬಂದ ಕಿಟೆಲ್ ಪದ ಕೂಡಿಸುತ್ತ ಕೂಡಿಸುತ್ತ ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಅಚ್ಚಿಗೆ ತಂದ. ಅವರ ಉದ್ದೇಶ ಮತಪ್ರಚಾರವಾಗಿತ್ತು, ಅದರ ಬಗ್ಗೆ ವಾದ ಇದ್ದೇ ಇದೆ. ನನ್ನ ಆಕ್ಷೇಪ ಅದಲ್ಲ. ವೇಳೆಯ ಬೆಲೆ ಗೊತ್ತಿಲ್ಲದ ಜನ ಎಂಬುದು. ಒಂದು ಭಾಷೆಗಾಗಿ ನಲವತ್ತು ವರ್ಷ! ನಮ್ಮ ಅತಿಥಿಗಳು ಹದಿನಾಲ್ಕು ದಿನದಲ್ಲಿ ಮಕ್ಕಳ ಬದುಕನ್ನೇ ಬದಲಿಸಿ, ನಡುವೆ ಮರವಂತೆ ಕಡಲು, ಕೊಲ್ಲೂರು, ಸೋಮೇಶ್ವರದ ಸೂರ್ಯಾಸ್ತ ಎಲ್ಲ ಮುಗಿಸಿ, ಹೊರಡುವ ಹಿಂದಿನ ದಿನ ಗೋಲಿಬಜೆಯನ್ನೂ ತಿಂದು ಹೋಗುತ್ತಾರೆ.

ಅವರ ಪ್ರೀತಿಯ ವೇಗವೂ ಹಾಗೆಯೇ. ಮೊದಲ ದಿನ ಹಾರ, ಎರಡನೇ ದಿನ ಹೆಗಲು, ಮೂರನೇ ದಿನಕ್ಕೆ ಮಗು "ನಮ್ ಅಕ್ಕ" ಎನ್ನುತ್ತದೆ. ಹದಿನಾಲ್ಕನೇ ದಿನ ಗೇಟಿನ ಬಳಿ ಎಲ್ಲರೂ ಅಳುತ್ತಾರೆ. ಅತಿಥಿಗಳು ವರ್ಷಕ್ಕೊಮ್ಮೆ ಅಳುತ್ತಾರೆ. ಮಕ್ಕಳಿಗೆ ವರ್ಷಕ್ಕೆ ಆರೇಳು ಸಲ ಆ ಸೌಭಾಗ್ಯ, ಯಾಕೆಂದರೆ ತಂಡಗಳು ಆರೇಳು. ಹೀಗೆ ಬಿಟ್ಟುಹೋಗುವವರನ್ನು ಬೀಳ್ಕೊಡುವ ಕಲೆಯಲ್ಲಿ ನಮ್ಮ ಮಕ್ಕಳು ಹತ್ತು ವರ್ಷ ತುಂಬುವುದರೊಳಗೆ ನುರಿತಿರುತ್ತಾರೆ. ಅಡುಗೆಯ ಅಕ್ಕ ಮಾತ್ರ ಇದನ್ನು ಒಪ್ಪುವುದಿಲ್ಲ.

"ಅವ್ರ್ ಹೋದ್ ಮೇಲೆ ಮಕ್ಳ್ ಎರಡ್ ದಿನ ಸಮಾ ಉಂಬುದಿಲ್ಲ ಕಾಣಿ" ಎನ್ನುತ್ತಾಳೆ, ಗಂಜಿಯ ಪಾತ್ರೆ ಇಳಿಸುತ್ತ.

ಹನ್ನೆರಡು ವರ್ಷದಿಂದ ಒಂದೇ ಒಲೆಯ ಮುಂದೆ ನಿಂತವಳಿಗೆ ಅಂತರರಾಷ್ಟ್ರೀಯ ದೃಷ್ಟಿ ಎಲ್ಲಿಂದ ಬರಬೇಕು? ಯಾವ ಮಗುವಿಗೆ ರಾತ್ರಿ ಕೆಮ್ಮು, ಯಾವುದು ಹಾಸಿಗೆ ಒದ್ದೆ ಮಾಡುತ್ತದೆ, ಯಾವುದು ಗುಡುಗಿದರೆ ಮಂಚದ ಅಡಿಗೆ ಹೋಗುತ್ತದೆ ಎಂಬುದಷ್ಟೇ ಅವಳ ವಿದ್ಯೆ. ಕೆಲಸಕ್ಕೆ ಸೇರುವಾಗ ಅವಳಿಂದ ಪೊಲೀಸ್ ವೆರಿಫಿಕೇಶನ್ ತರಿಸಿಕೊಂಡರು, ಸರಿಯೇ. ಅತಿಥಿಗಳಿಂದ ಅದನ್ನು ಕೇಳುವುದು ಅಸಭ್ಯತನ. ಅವರು ಪಾಸ್‌ಪೋರ್ಟ್ ಇದ್ದವರು.

ಫೋಟೋಗಳ ವಿಷಯ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ನು ಒಂದಿದೆ: ರಕ್ಷಣೆ, ಪೋಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವಂಥ ಚಿತ್ರ ಯಾವುದನ್ನೂ ಪ್ರಕಟಿಸಬಾರದು, ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಶಾಸನ ಬರೆದವರಿಗೆ ಪಾಪ, ಮುಗುಳ್ನಗುವ ಮಕ್ಕಳ ನಡುವೆ ಕುಕ್ಕರುಗಾಲಲ್ಲಿ ಕೂತ ಸ್ವಯಂಸೇವಕಿಯ ಚಿತ್ರ ಎಷ್ಟು ಚೆಂದ ಎಂದು ಯಾರೂ ತೋರಿಸಿರಲಿಕ್ಕಿಲ್ಲ. ಅವಳ ಸ್ವಂತ ಊರಿನ ಶಾಲೆಯ ಗೇಟಿನೊಳಗೆ ಗುರುತಿಲ್ಲದವನೊಬ್ಬ ಹೊಕ್ಕು ಮಕ್ಕಳನ್ನು ಎತ್ತಿಕೊಂಡು ಹೀಗೆ ಫೋಟೋ ತೆಗೆದರೆ ಐದು ನಿಮಿಷದಲ್ಲಿ ಪೊಲೀಸರು ಬರುತ್ತಾರೆ. ಇಲ್ಲಿ ಐದು ನಿಮಿಷದಲ್ಲಿ ಎಳನೀರು ಬರುತ್ತದೆ. ಅತಿಥಿ ಸತ್ಕಾರದಲ್ಲಿ ನಾವು ಯಾವತ್ತೂ ಮುಂದೆ.

ಸರ್ಕಾರ ಬಿಗಿ ಮಾಡಿರುವುದು ಹಣದ ದಾರಿಯನ್ನು ಮಾತ್ರ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಬೈಂದೂರಿನ ಮಕ್ಕಳ ಅಕ್ಕಿಗೆ ಬರುವ ವಿದೇಶಿ ಕಾಸೂ ಮೊದಲು ದಿಲ್ಲಿಯ ಸಂಸತ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಇಳಿಯಬೇಕು. ಪ್ರೀತಿಗೆ ಆ ರಗಳೆ ಇಲ್ಲ. ಅದು ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಹಿಡಿದು ನೇರ ಮಗುವಿನ ಕೋಣೆಗೇ ಬರುತ್ತದೆ.

ಇನ್ನು ಅನಾಥರ ಕೊರತೆ. ಇದು ನಿಜಕ್ಕೂ ಗಂಭೀರ ಸಮಸ್ಯೆ. ಸಂಸ್ಥೆಗಳಲ್ಲಿರುವ ಮಕ್ಕಳಲ್ಲಿ ಐವರಲ್ಲಿ ನಾಲ್ವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಬದುಕಿದ್ದಾರೆ ಎಂದು 'ಸೇವ್ ದ ಚಿಲ್ಡ್ರನ್' ಸಂಸ್ಥೆ 2009ರಲ್ಲೇ ಜಗತ್ತಿನ ಲೆಕ್ಕ ಕೊಟ್ಟಿತ್ತು. ಈ ಮಕ್ಕಳ ಮನೆಯಲ್ಲೂ ಅದೇ ಕಥೆ. ಜಡೆ ಹೆಣೆದ ಹುಡುಗಿಗೆ ಅಪ್ಪ ಇಲ್ಲ. ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜದ ಚಿಪ್ಪು ಒಡೆಯುತ್ತಾಳೆ. ಕೈಯೆಲ್ಲ ಗೇರೆಣ್ಣೆಯ ಕಪ್ಪು. ಭಾನುವಾರ ಎರಡು ಬಸ್ಸು ಹಿಡಿದು, ಸೆರಗಿನ ಗಂಟಿನಲ್ಲಿ ಬಸ್ಸಿನ ದುಡ್ಡು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಬರುತ್ತಾಳೆ. ಜುಲೈ ತಿಂಗಳ ಭಾನುವಾರಗಳಲ್ಲಿ ಮಾತ್ರ ಬರಬೇಡಿ ಎಂದು ಆಡಳಿತದವರು ವಿನಯದಿಂದಲೇ ತಿಳಿಸಿದ್ದಾರೆ. ಅನಾಥರನ್ನು ನೋಡಲೆಂದು ಸಾವಿರಾರು ಮೈಲಿ ಬಂದವರ ಎದುರು ಅಮ್ಮಂದಿರು ಸಾಲುಗಟ್ಟಿ ನಿಂತರೆ ಅತಿಥಿಗಳಿಗೆ ಇರುಸುಮುರುಸಾಗುವುದಿಲ್ಲವೇ?

ಹೊಟ್ಟೆಕಿಚ್ಚಿನವರು ಎಲ್ಲ ಕಡೆಯೂ ಇದ್ದಾರೆ. ಆಸ್ಟ್ರೇಲಿಯಾದ ಸಂಸತ್ ಸಮಿತಿಯೊಂದು 2017ರಲ್ಲಿ ಕೂತು, ಅನಾಥಾಲಯದ ಪ್ರವಾಸಕ್ಕೆ ಬೇಡಿಕೆ ಇರುವುದರಿಂದಲೇ ಬಡವರ ಮಕ್ಕಳನ್ನು ಮನೆಯಿಂದ ಎಬ್ಬಿಸಿ ತಂದು ಅನಾಥರನ್ನಾಗಿ ಮಾಡುವ ದಂಧೆ ಬೆಳೆದಿದೆ ಎಂದಿತು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಇಂಥ ಸ್ವಯಂಸೇವೆಯಿಂದ ಆಗುವ ಹಾನಿಯ ಬಗ್ಗೆ ನಿರ್ಣಯದಲ್ಲಿ ಎಚ್ಚರಿಸಿತು. ನಮ್ಮ ಹಾಡಿಯ ಆಚೆ ಅದರ ಸದ್ದು ಇನ್ನೂ ಕೇಳಿಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ಮಾಡಿದವರು ನಮ್ಮ ಕುಂದಾಪುರದಲ್ಲೇ ಇದ್ದಾರೆ. ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಲ್ಲಿ ಬಹಳ ಮಂದಿ ಈ ತಾಲ್ಲೂಕಿನವರೆಂದು ತಿಳಿದು 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ ಇಲ್ಲಿಗೆ ಬಂತು. ಕನ್ಯಾನದಲ್ಲಿ 'ನಮ್ಮ ಭೂಮಿ' ಎಂಬ ಕೇಂದ್ರ ಕಟ್ಟಿತು. ಸಂಸ್ಥೆಯ ಜೊತೆಗಿದ್ದ ದುಡಿಯುವ ಮಕ್ಕಳು 1990ರಲ್ಲಿ ತಮ್ಮದೇ 'ಭೀಮ ಸಂಘ' ಮಾಡಿಕೊಂಡರು. ಆಮೇಲೆ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿ. ಮಕ್ಕಳೇ ಕೂತು ತಮ್ಮೂರಿನ ತೊಂದರೆ ಪಟ್ಟಿ ಮಾಡಿ, ದೊಡ್ಡವರ ಪಂಚಾಯತಿಯ ಮುಂದಿಟ್ಟು ಉತ್ತರ ಕೇಳುವ ಏರ್ಪಾಡು! 2012ರಿಂದ 2014ರವರೆಗೆ ಆ ಸಂಸ್ಥೆಯ ಹೆಸರು ನೊಬೆಲ್ ಶಾಂತಿ ಪ್ರಶಸ್ತಿಗೆ ಹೋಯಿತು, ಆ ಮಾತು ಬೇರೆ. ಮಕ್ಕಳು ಹೀಗೆ ಬಾಯಿ ಬಿಡಲು ಕಲಿತರೆ ನಾಳೆ ಹಾರ ಹಿಡಿದು ಬಿಸಿಲಲ್ಲಿ ನಿಲ್ಲುವವರು ಯಾರು? "ಈ ಗೋಡೆಗೆ ಬಣ್ಣ ಬೇಡ, ಪಾಯಿಖಾನೆಯ ಮಾಡು ಸರಿ ಮಾಡಿ" ಎಂದು ಒಂದು ಮಗು ಎದ್ದು ಹೇಳಿದರೆ ಅತಿಥಿಗಳು ತಂದ ಡಬ್ಬಿಗಳ ಗತಿಯೇನು?

ಕೀರ್ತಿಯೆಲ್ಲ ಪರದೇಶದವರಿಗೇ ಕೊಟ್ಟರೆ ನಮ್ಮವರಿಗೆ ಅನ್ಯಾಯವಾದೀತು. ದುಬೈ, ಮಸ್ಕತ್, ಕ್ಯಾಲಿಫೋರ್ನಿಯಾದ ನಮ್ಮ ಕುಟುಂಬಗಳು ಡಿಸೆಂಬರಿನಲ್ಲಿ ಊರಿಗೆ ಬಂದಾಗ ತಮ್ಮ ಮಗನ ಹುಟ್ಟುಹಬ್ಬವನ್ನು ಈ ಮನೆಯಲ್ಲೇ ಆಚರಿಸುತ್ತವೆ. ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ಕೇಕು. ಬೇರೆಯವರ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟಿ ತಟ್ಟಿ ನಮ್ಮ ಮಕ್ಕಳ ಅಂಗೈ ಗಟ್ಟಿಯಾಗಿದೆ. ಅವರ ಸ್ವಂತ ಹುಟ್ಟುಹಬ್ಬ ಹೆಚ್ಚಾಗಿ ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು. ಆ ದಿನ ಮಳೆ ಇರುತ್ತದೆ, ಯಾರೂ ಬರುವುದಿಲ್ಲ. ಊಟದ ಹಾಲಿನ ಫ್ಯಾನಿನ ರೆಕ್ಕೆಗಳ ಮೇಲೆ ದಾನಿಗಳ ಹೆಸರಿದೆ. ಕರೆಂಟು ಹೋದಾಗಲೆಲ್ಲ ಮಕ್ಕಳು ಬೆವರುತ್ತ ಅದನ್ನು ಓದುತ್ತಾರೆ. ಕನ್ನಡ ಓದುವ ಅಭ್ಯಾಸಕ್ಕೆ ಅನುಕೂಲವಾಗಿದೆ.

ಆದ್ದರಿಂದ ಈ ಮಹನೀಯರಿಗೆಲ್ಲ ಒಂದು ಸನ್ಮಾನ ಸಮಾರಂಭ ಇಟ್ಟುಕೊಳ್ಳಬೇಕೆಂದು ನನ್ನ ಸಲಹೆ. ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯ ಕೆಳಗೆ ಮೊದಲ ಸಾಲಿನಲ್ಲಿ ಮಕ್ಕಳು. ಗೇರುಬೀಜದ ಫ್ಯಾಕ್ಟರಿಗೆ ಅಂದು ರಜೆ ಇಲ್ಲದಿದ್ದರೆ ಒಳ್ಳೆಯದು.

ಖರ್ಚಿನ ಪಟ್ಟಿ ಬರೆಯಲು ಕೂತಾಗ ಒಂದು ಲೆಕ್ಕ ಕೈಗೆ ಸಿಕ್ಕಿತು. ಅದನ್ನೂ ಹೇಳಿ ಮುಗಿಸುತ್ತೇನೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಿರಬೇಕು ಎಂದು ಅದೇ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಮಗು ಅಮ್ಮನ ಜೊತೆಯಲ್ಲೇ ಉಳಿಯಲಿ ಎಂದು 'ಮಿಷನ್ ವಾತ್ಸಲ್ಯ' ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ನೆರವು ಇದೆ: ತಿಂಗಳಿಗೆ 4,000 ರೂಪಾಯಿ, ವರ್ಷಕ್ಕೆ 48,000. ವಿಧವೆಯರ, ಗಂಡ ಬಿಟ್ಟವರ ಮಕ್ಕಳಿಗೂ ಸಿಗುತ್ತದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪೇಟೆಯಲ್ಲಿ 96,000 ರೂಪಾಯಿ ಮೀರಿರಬಾರದು. ಯುರೋಪಿನಿಂದ ಬಂದು ಹೋಗುವ ಒಂದು ವಿಮಾನದ ಟಿಕೇಟಿಗೆ ಅರವತ್ತು ಸಾವಿರ ಎಂದಿಟ್ಟುಕೊಂಡರೂ, ಅಷ್ಟರಲ್ಲಿ ಒಂದು ಮಗು ಹದಿನೈದು ತಿಂಗಳು ತನ್ನ ಅಮ್ಮನ ಮಗ್ಗುಲಲ್ಲೇ ಮಲಗಬಹುದು. ಅರ್ಜಿ ಕೊಡಬೇಕಾದದ್ದು ಉಡುಪಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ದಾರಿ ಗೊತ್ತಾಗದಿದ್ದರೆ 1098ಕ್ಕೆ ಫೋನು ಮಾಡಿ ಕೇಳಬಹುದು. ನಿಮ್ಮ ಕೇರಿಯಲ್ಲಿ ಅಂಥ ಅಮ್ಮ ಒಬ್ಬಳಿದ್ದರೆ ಇದನ್ನು ಅವಳಿಗೆ ಓದಿ ಹೇಳಿ.