ಪಾಲಿಗೆ ಬಂದ ಬಾಂಬು

(ಉಕ್ರೇನಿನ ಪೆರ್ವೊಮೈಸ್ಕ್ ಕ್ಷಿಪಣಿ ನೆಲೆ. 1994ರ ಡಿಸೆಂಬರ್ 6. ಸೋವಿಯತ್ ಒಕ್ಕೂಟದ ತಿಥಿ ಮುಗಿದು ಮೂರು ವರ್ಷ, ಪಾಲುಪಟ್ಟಿ ಮಾತ್ರ ಇನ್ನೂ ಮುಗಿದಿಲ್ಲ.)

ಸಿಪಾಯಿ: ಸಾಹೇಬ್ರೇ, ನಮ್ಮ ಪಾಲಿಗೆ ಎಷ್ಟು ಅಣು ಸಿಡಿತಲೆ ಬಂದಿತ್ತು?

ಮೇಜರ್: ದೂರ ಹಾರೋವೇ ಸುಮಾರು 1,900. ಪ್ರಪಂಚದಲ್ಲಿ ಮೂರನೇ ಸ್ಥಾನ.

ಸಿಪಾಯಿ: ಅಬ್ಬಾ, ಸಾಹುಕಾರರು ನಾವು!

ಮೇಜರ್: ತಿಜೋರಿ ನಮ್ಮದು. ಬೀಗದಕೈ ಮಾಸ್ಕೋ ಅಣ್ಣನ ಸೊಂಟದಲ್ಲಿ.

ಸಿಪಾಯಿ: ಬೆಲರೂಸ್, ಕಜಕ್‌ಸ್ತಾನಕ್ಕೂ ಪಾಲು ಬಂದಿತ್ತಲ್ಲ?

ಮೇಜರ್: ಅವರದೂ ಇದೇ ಪಾಡು.

ಸಿಪಾಯಿ: ಈಗ ಇವನ್ನೆಲ್ಲ ರಷ್ಯಾದ ರೈಲಿಗೆ ಹತ್ತಿಸೋದಾ?

ಮೇಜರ್: ಹೂಂ. ರಷ್ಯಾ ಬಿಚ್ಚುತ್ತೆ. ಬಾಂಬಿನ ಯುರೇನಿಯಂ ತೆಳು ಮಾಡಿ ಅಮೆರಿಕಕ್ಕೆ ಮಾರುತ್ತೆ. 500 ಟನ್ನಿಗೆ ಕರಾರಾಗಿದೆ.

ಸಿಪಾಯಿ: ಅಂದ್ರೆ, ಚಿಕಾಗೋ ಸುಡಬೇಕಿದ್ದದ್ದು ಅಲ್ಲೇ ಹೋಗಿ ದೀಪ ಹಚ್ಚುತ್ತೆ!

ಮೇಜರ್: ದುಡ್ಡು ಕೊಟ್ಟು ಹಚ್ಚಿಸ್ಕೊಳ್ತಾರೆ.

ಸಿಪಾಯಿ: ನಮಗೇನು ಸಿಗುತ್ತೆ?

ಮೇಜರ್: ಅಣುವಿದ್ಯುತ್ ಸ್ಥಾವರಕ್ಕೆ ಇಂಧನ. ಜೊತೆಗೆ ನಿನ್ನೆ ಬುಡಾಪೆಸ್ಟ್‌ನಲ್ಲಿ ಒಂದು ಕಾಗದ. ನಮ್ಮ ಗಡಿ ಮುಟ್ಟಲ್ಲ ಅಂತ ಅಮೆರಿಕ, ಬ್ರಿಟನ್, ರಷ್ಯಾ ಸಹಿ ಹಾಕಿವೆ.

ಸಿಪಾಯಿ: ಯಾರಾದ್ರೂ ಮುಟ್ಟಿದ್ರೆ?

ಮೇಜರ್: ಸಮಾಲೋಚನೆ ನಡೆಸ್ತಾರಂತೆ.

ಸಿಪಾಯಿ: ಯಾರ ಜೊತೆ, ಮುಟ್ಟಿದವನ ಜೊತೇನಾ?

(ಮೇಜರ್ ಕೆಮ್ಮುತ್ತಾರೆ. ರಾಜತಾಂತ್ರಿಕರು ಆಮೇಲೂ ಕೊಟ್ಟ ಉತ್ತರ ಹೆಚ್ಚುಕಡಿಮೆ ಇದೇ. ಕೊನೆಯ ಸಿಡಿತಲೆ 1996ರ ಜೂನ್‌ನಲ್ಲಿ ಗಡಿ ದಾಟಿತು. 2014ರಲ್ಲಿ ಸಹಿದಾರರಲ್ಲೊಬ್ಬರು ಕ್ರಿಮಿಯಾವನ್ನು ನುಂಗಿದರು.)