ದೋಷಗಳಿಗೂ ಸೇವಾ ಜ್ಯೇಷ್ಠತೆ ಉಂಟು

ತಂತ್ರಾಂಶದಲ್ಲಿ ದೋಷ ಕಂಡ ಕೂಡಲೇ ಕಿತ್ತುಹಾಕಿ ಎಂದು ಕೂಗುವವರಿಗೆ ಆಡಳಿತದ ಅನುಭವ ಸಾಲದು. ದೋಷವನ್ನು ಅಳೆಯಬೇಕಾದ್ದು ಅದು ಮಾಡಿದ ಹಾನಿಯಿಂದಲ್ಲ, ಸಲ್ಲಿಸಿದ ಸೇವೆಯಿಂದ. ಈ ವಿಷಯದಲ್ಲಿ ಸ್ವಾಮ್ಯದ ತಂತ್ರಾಂಶವೇ ಹೆಚ್ಚು ಮಾನವೀಯ ಎಂಬುದಕ್ಕೆ ದಾಖಲೆಗಳಿವೆ.

1900 ಅಧಿಕ ವರ್ಷವಲ್ಲ. ಆದರೂ 1983ರಲ್ಲಿ ಬಂದ ಲೆಕ್ಕಪಟ್ಟಿ ತಂತ್ರಾಂಶ ಲೋಟಸ್ 1-2-3 ಅದಕ್ಕೊಂದು ಫೆಬ್ರುವರಿ 29 ದಯಪಾಲಿಸಿತು. ಲೋಟಸ್ ಗಿರಾಕಿಗಳ ಲೆಕ್ಕ ಕೆಡಬಾರದೆಂದು ಪ್ರತಿಸ್ಪರ್ಧಿ ಎಕ್ಸೆಲ್ ಈ ದೋಷವನ್ನು ಗೊತ್ತಿದ್ದೇ ನಿಯೋಜನೆಯ ಮೇಲೆ ಕರೆಸಿಕೊಂಡಿತು. ಮಾತೃ ಇಲಾಖೆ ಮುಚ್ಚಿದರೂ ನೌಕರ ಮರಳಲಿಲ್ಲ. 2006ರಲ್ಲಿ ಮಾನಕ ರೂಪಿಸುವ ಎಕ್ಮಾ ಸಂಸ್ಥೆ ಒಪ್ಪಿದ, ಆರು ಸಾವಿರ ಪುಟ ದಾಟಿದ, ಎಕ್ಸೆಲ್ ಮುಂತಾದ ಕಡತಗಳ ಆಫೀಸ್ ಓಪನ್ ಎಕ್ಸ್‌ಎಂಎಲ್ ಮಾನಕದಲ್ಲಿ ಹುದ್ದೆ ಖಾಯಂ ಆಯಿತು. 2008ರಲ್ಲಿ ಐಎಸ್‌ಒ ಕೂಡ ಮಾನಕಕ್ಕೆ ಮುದ್ರೆ ಒತ್ತಿತು. ಭಾರತ ವಿರುದ್ಧ ಮತ ಹಾಕಿತು. ಸೇವಾ ನಿಯಮಗಳ ತವರಿನಿಂದ ಇದನ್ನು ನಿರೀಕ್ಷಿಸಿರಲಿಲ್ಲ. 1900ರ ಫೆಬ್ರುವರಿ 29ರಂದು ಹುಟ್ಟಿದ ಒಬ್ಬರೂ ಈವರೆಗೆ ದೂರು ಕೊಟ್ಟಿಲ್ಲ.

ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್ ಆ ದಿನವನ್ನು ಒಪ್ಪುವುದಿಲ್ಲ. ಆದರೆ ಕಡತ ತಾಳೆಯಾಗಬೇಕಲ್ಲ? ತನ್ನ ದಿನಗಳ ಎಣಿಕೆಯ ಆರಂಭವನ್ನೇ 1899ರ ಡಿಸೆಂಬರ್ 30ಕ್ಕೆ ಸರಿಸಿಕೊಂಡಿದೆ. ಹಿರಿಯರು ಬಂದಾಗ ಬೆಂಚಿನ ತುದಿಗೆ ಸರಿಯುವುದು ಸಂಸ್ಕಾರ.

ತಿಂಗಳಂತೆ ಕಂಡದ್ದನ್ನೆಲ್ಲ ದಿನಾಂಕವಾಗಿಸುವುದು ಎಕ್ಸೆಲ್‌ನ ಇನ್ನೊಂದು ಅಭ್ಯಾಸ. ‘ಸೆಪ್ಟ್1’ ಎಂಬ ವಂಶವಾಹಿಯ ಹೆಸರು ಟೈಪಿಸಿದರೆ ಸೆಪ್ಟೆಂಬರ್ 1 ಆಗುತ್ತಿತ್ತು. 2020ರಲ್ಲಿ ಮಾನವ ವಂಶವಾಹಿಗಳಿಗೆ ಹೆಸರಿಡುವ ಸಮಿತಿ ಅದನ್ನು ‘ಸೆಪ್ಟಿನ್1’ ಎಂದು ಬದಲಿಸಿತು. ತಂತ್ರಾಂಶ ಅಲುಗಲಿಲ್ಲ, ಮನುಷ್ಯಕುಲ ಹೊಂದಿಕೊಂಡಿತು. 2023ರಲ್ಲಿ ಈ ಅಭ್ಯಾಸವನ್ನು ಆಫ್ ಮಾಡುವ ಸೌಲಭ್ಯವೂ ಬಂತು. ಸೇವಾ ಭಾಷೆಯಲ್ಲಿ ಇದಕ್ಕೆ ಸ್ವಯಂ ನಿವೃತ್ತಿ ಎನ್ನುತ್ತಾರೆ.

ಮುಕ್ತ ತಂತ್ರಾಂಶದವರ ಕ್ರೌರ್ಯ ನೋಡಿ. ಕಂಪ್ಯೂಟರಿಗೆ ಆದೇಶ ಕೊಡಲು ಬಳಸುವ ಬ್ಯಾಷ್‌ನ ‘ಶೆಲ್‌ಶಾಕ್’ ಎಂಬ ದೋಷ 1989ರಿಂದ ಸದ್ದಿಲ್ಲದೆ ದುಡಿದಿತ್ತು. 2014ರ ಸೆಪ್ಟೆಂಬರಿನಲ್ಲಿ ಬೆಳಕಿಗೆ ಬಂದದ್ದೇ ತಡ, ಕೆಲವೇ ದಿನಗಳಲ್ಲಿ ವಜಾ. ಇಪ್ಪತ್ತೈದು ವರ್ಷದ ಸೇವೆಗೆ ನೋಟಿಸಿಲ್ಲ, ಪಿಂಚಣಿಯಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಅಂತರಜಾಲ ಸಂವಹನವನ್ನು ಗೂಢಲಿಪಿಗೊಳಿಸುವ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ಎರಡು ವರ್ಷ ತುಂಬುತ್ತಲೇ ಸಿಕ್ಕಿಬಿತ್ತು. ಮೂಲ ಸಂಕೇತ ಎಲ್ಲರಿಗೂ ತೆರೆದಿದ್ದರಿಂದ ಬೇರೆ ಯಾರೋ ಓದಿರುತ್ತಾರೆಂದು ಎಲ್ಲರೂ ನಂಬಿದ್ದರು. ಐದು ಸಹಿ ಬಿದ್ದ ಪ್ರತಿ ಕಡತವೂ ಇದೇ ನಂಬಿಕೆಯ ಮೇಲೆ ಮುಂದೆ ಹೋಗುತ್ತದೆ.

ಭದ್ರತೆಯಲ್ಲಿ ಮಾತ್ರ ನಾವು ಕನ್ನಡಿಗರು ಇಬ್ಬರನ್ನೂ ಮೀರಿಸಿದ್ದೇವೆ. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪಿಸಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಕದ್ದವನು ಓದಲಾರ. ಬರೆದವನೂ ಓದಲಾರ ಎಂಬುದು ಮೇಲ್ದರ್ಜೆಯ ರಕ್ಷಣೆ.

ಆದ್ದರಿಂದ ಮುಕ್ತ ತಂತ್ರಾಂಶದವರಿಗೆ ನನ್ನ ಶಿಫಾರಸು: ದೋಷವನ್ನು ಹತ್ತು ವರ್ಷ ಪ್ರೊಬೇಷನ್‌ನಲ್ಲಿಡಿ. ಅಷ್ಟರಲ್ಲಿ ಅದನ್ನೇ ನೆಚ್ಚಿ ಊರಿನ ಕಚೇರಿಗಳೆಲ್ಲ ಲೆಕ್ಕ ಬರೆದಿರುತ್ತವೆ. ಆಮೇಲೆ ಯಾರಾದರೂ ಅದನ್ನು ಸರಿಪಡಿಸಿದರೆ, ದೋಷವೆಂದು ದೂರು ದಾಖಲಾಗುವುದು ಆ ತಿದ್ದುಪಡಿಯ ಮೇಲೆ.